ಗ್ರೀಕ್ ಮಡಕೆಯ ಒಡೆದ ಅಂಚು

2020ರ ಮಾರ್ಚ್‌ನಲ್ಲಿ ಐರ್ಲೆಂಡಿನ ವಿಶ್ವವಿದ್ಯಾಲಯಗಳು ಮುಚ್ಚಿದವು. ನನ್ನ ಹೆಂಡತಿಯ ಸ್ನಾತಕೋತ್ತರ ಪ್ರಬಂಧವೂ ನಿಂತಿತು. ಪ್ರಾಚೀನ ಗ್ರೀಕ್ ಮಡಕೆಯ ಚೂರೊಂದು ಯಾವ ಊರಿನ ಮಣ್ಣಿನದೆಂದು ಅವಳು ಪತ್ತೆಮಾಡಬೇಕಿತ್ತು. ಬೇಸಿಗೆಯಲ್ಲಿ ಪ್ರಯೋಗಾಲಯದೊಳಗೆ ತಂತ್ರಜ್ಞರೊಬ್ಬರನ್ನು ಮಾತ್ರ ಬಿಟ್ಟರು. ಬ್ಯಾಲಿನ್‌ಕೊಲಿಗ್ ಊರಿನ ನಮ್ಮ ಮನೆಯ ಅಡುಗೆಮನೆಯಲ್ಲಿ ಕುಳಿತು ಅವಳು ವಿಡಿಯೊ ಕರೆಯಲ್ಲಿ ನೋಡುತ್ತಿದ್ದಳು. ಅವರು ಚೂರಿನ ಕಪ್ಪು ಬಣ್ಣದ ಮೈಯನ್ನು ಮಣ್ಣಿನಲ್ಲಿರುವ ಲೋಹಗಳನ್ನು ಅಳೆಯುವ ಎಕ್ಸ್‌ರೇ ಯಂತ್ರಕ್ಕೆ ಒಡ್ಡಿದಾಗ ಕೂಗಿ ತಡೆದಳು. ಬಣ್ಣದಡಿಯ ಮಣ್ಣು ಕಾಣುವುದು ಒಡೆದ ಅಂಚಿನಲ್ಲಿ ಮಾತ್ರ.

“ಒಂದು ಒಡೆದ ಮಡಕೆಗೆ ಇಷ್ಟು ಗಲಾಟೆನಾ?” ಎಂದೆ.

“ಸುಮ್ನಿರ್ರೀ, ನನ್ ಡಿಗ್ರಿ ಅದ್ರಲ್ಲೇ ಇದೆ!”

ತಂತ್ರಜ್ಞರು ‘ಆಯ್ತು, ಸರಿ’ ಎನ್ನುವ ಐರಿಶ್ ಧಾಟಿಯಲ್ಲಿ “ಗ್ರ್ಯಾಂಡ್” ಎಂದು ಚೂರನ್ನು ತಿರುಗಿಸಿಟ್ಟರು. ನಿಕಲ್, ಕ್ರೋಮಿಯಂ ಪ್ರಮಾಣ ಅಥೆನ್ಸಿನ ಮಣ್ಣಿಗೆ ಹೊಂದಿತು. ಸೆಪ್ಟೆಂಬರ್‌ನಲ್ಲಿ ಅವಳು ಪ್ರಬಂಧ ಸಲ್ಲಿಸಿದಳು.