ಐದನೇ ತರಗತಿಗೆ ಅನಿಲದ ಪಾಠ

ಆಗ ನಾನು ದಿನಾ ಬೆಳಿಗ್ಗೆ ಚಳ್ಳಕೆರೆಯಲ್ಲಿ ಬಸ್ಸು ಹತ್ತಿ ಮೊಳಕಾಲ್ಮೂರು ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ಐದನೇ ತರಗತಿಯ ಪರಿಸರ ಅಧ್ಯಯನ ನನ್ನ ಪಾಲಿಗಿತ್ತು. ಘನ, ದ್ರವ, ಅನಿಲದ ಪಾಠಕ್ಕೆ ಹೊರಗಿನಿಂದ ಏನನ್ನೂ ತರಬೇಕಾಗಿರಲಿಲ್ಲ. ಶಾಲೆಯ ಬೆನ್ನಿಗೇ ಗುಡ್ಡ, ಕಲ್ಲು ಬೇಕಾದಷ್ಟು. ಮಕ್ಕಳ ಜೇಬಿನಲ್ಲಿ ಶೇಂಗಾ. ಬಿಸಿಯೂಟದ ಕೋಣೆಯಲ್ಲಿ ನೀರು, ಎಣ್ಣೆ, ಹಾಲು.

ಆ ವರ್ಷ ಘನವೂ ದ್ರವವೂ ಸಲೀಸಾಗಿ ಮುಗಿದವು. ಅನಿಲದ ದಿನ, ಲೋಟದ ತಳಕ್ಕೆ ಕಾಗದದ ಉಂಡೆ ಒತ್ತಿ, ಲೋಟವನ್ನು ಬೋರಲು ಹಿಡಿದು ಬಕೆಟ್ಟಿನ ನೀರಿಗೆ ಅದ್ದಿ ತೆಗೆದೆ. ಕಾಗದ ಒದ್ದೆಯಾಗಿರಲಿಲ್ಲ.

"ನೀರು ಯಾಕೆ ಒಳಗೆ ಹೋಗ್ಲಿಲ್ಲ?"

"ಒಳಗೆ ಗಾಳಿ ಐತೆ ಮಿಸ್!"

"ಗಾಳಿ ಕೂಡ ಅನಿಲಾನೇ. ಇನ್ನೂ ಯಾವ್ಯಾವ ಅನಿಲ ನೋಡಿದ್ದೀರಿ?"

ಎಲ್ಲರೂ ಅಡುಗೆ ಮನೆಯ ಗ್ಯಾಸ್ ಸಿಲಿಂಡರ್ ಹೆಸರನ್ನೇ ಕೂಗಿದರು. ಅಷ್ಟರಲ್ಲಿ, ಕೇಳಿದ್ದಕ್ಕೂ ಬಾಯಿಬಿಡದ ಹುಡುಗಿಯೊಬ್ಬಳು ಎದ್ದು ನಿಂತಳು.

"ನಮ್ಮನೇಲೂ ಸಿಲಿಂಡರ್ ಐತೆ ಮಿಸ್. ಒಲೆಗಲ್ಲ. ನಮ್ಮಪ್ಪ ಮೂಗಿಗೆ ಇಟ್ಕೊಂತಾನೆ."

ತರಗತಿ ಗೊಳ್ಳೆಂದಿತು. "ಸುಳ್ಳು ಮಿಸ್! ಗ್ಯಾಸ್ ಮೂಗಿಗೆ ಹೋದ್ರೆ ಸತ್ತೋಗ್ತಾರೆ!" ಎಂದು ಯಾರೋ ಹಿಂದಿನಿಂದ ಕೂಗಿದರು. ಹುಡುಗಿ ಕೂತು ಬೆಂಚಿನ ಮೇಲೆ ತಲೆಯಿಟ್ಟಳು.

ಅದು ಬೇರೆ ಅನಿಲ, ಆಮ್ಲಜನಕ, ನಾವೆಲ್ಲ ಉಸಿರಾಡುವುದು ಅದನ್ನೇ ಎಂದು ಬಿಡಿಸಿ ಹೇಳಿದೆ. ನಗು ನಿಂತಿತು. ಅವಳು ಮಾತ್ರ ತಲೆ ಎತ್ತಲಿಲ್ಲ.

ಶಾಲೆ ಬಿಟ್ಟಾಗ ಗೇಟಿನ ಬಳಿ ನನಗಾಗಿ ಕಾಯುತ್ತಿದ್ದಳು.

"ಮಿಸ್, ನಮ್ಮನೆಗೆ ಬರ್ತೀರಾ? ಅದು ಸಾಯಿಸೋ ಗ್ಯಾಸ್ ಅಲ್ಲ ಅಂತ ನಮ್ಮವ್ವಂಗೂ ಹೇಳ್ರಿ."

ಒಂದೇ ಕೋಣೆಯ ಮನೆ. ಅವಳಪ್ಪ ಗೋಡೆಗೆ ಒರಗಿ ಮಂಚದ ಮೇಲೆ ಕೂತಿದ್ದರು. ಪಕ್ಕದಲ್ಲಿ ಕಪ್ಪು ಸಿಲಿಂಡರ್, ಮೂಗಿಗೆ ನಳಿಕೆ. ವರ್ಷಾನುಗಟ್ಟಲೆ ಕಲ್ಲಿನ ಕ್ರಷರ್‌ನಲ್ಲಿ ದುಡಿದು, ಆ ಧೂಳೆಲ್ಲ ಎದೆಗೆ ಹೋಗಿದೆಯಂತೆ. ವಯಸ್ಸಿನಲ್ಲಿ ನನ್ನ ಓರಗೆಯವರೇ ಇರಬೇಕು, ನೋಡಿದರೆ ಮುದುಕ. ನನ್ನನ್ನು ಕಂಡು ಏಳಲು ಹೋದರು. ಹುಡುಗಿಯ ಅವ್ವ ಆಂಧ್ರದ ಗಡಿಯಾಚೆಯ ಊರಿನಾಕೆ. "ಕೂಕೋಂಡ್ರಿ ಮೇಡಂ" ಎಂದು ಚಾಪೆ ಹಾಸಿದರು.

"ಶಾಲೇದೆಲ್ಲ... ದಿನಾ ಬಂದು ಹೇಳ್ತಾಳ್ರಿ," ಎಂದರು ಅಪ್ಪ, ಮಾತಿನ ನಡುವೆ ಉಸಿರು ಹುಡುಕುತ್ತ. "ಇವತ್ತು... ಏನು ಹೇಳ್ಕೊಟ್ರಿ?"

ಅನಿಲದ ಪಾಠ ಎಂದೆ. ಹುಡುಗಿಯೇ ಲೋಟ, ನೀರು, ಒಂದು ಚೂರು ಕಾಗದ ತಂದಳು. ಅವಸರದಲ್ಲಿ ಲೋಟ ಓರೆಯಾಯಿತು. ಗುಳಗುಳ ಎಂದು ಗುಳ್ಳೆ ಎದ್ದು ಕಾಗದ ತೊಯ್ದುಹೋಯಿತು.

"ಗಾಳಿ ತಪ್ಪಿಸ್ಕೊಂಡ್ ಬಿಡ್ತು!" ಎಂದಳು.

ಅಪ್ಪ ನಕ್ಕರು. ನಗು ಕೆಮ್ಮಾಯಿತು, ಅವ್ವ ಎದೆ ನೀವಿದರು. ಕೆಮ್ಮು ಇಳಿದ ಮೇಲೆ ಅಪ್ಪ, "ಇನ್ನೊಂದ್ಸಲ ಮಾಡವ್ವ," ಎಂದರು. ಈ ಸಲ ಅವಳು ಲೋಟ ಒರೆಸಿ, ಬೇರೆ ಕಾಗದ ಇಟ್ಟು, ನೆಟ್ಟಗೆ ಅದ್ದಿದಳು. ಅವರು ಉಂಡೆಯನ್ನು ಕೈಗೆ ತೆಗೆದುಕೊಂಡು, ಬಿಡಿಸಿ, ಬೆರಳಾಡಿಸಿ ನೋಡಿದರು.

"ಹೌದಲ್ಲೇ. ಒಣಗೇ ಐತೆ."

ಮಗಳ ಮುಖದಲ್ಲಿ ಅಂಥ ಹಿಗ್ಗನ್ನು ನಾನು ತರಗತಿಯಲ್ಲಿ ಎಂದೂ ಕಂಡಿರಲಿಲ್ಲ.

ಚಳಿ ಜೋರಾದಾಗ ಅವರು ತೀರಿಕೊಂಡರು. ಸುದ್ದಿ ಬಂದ ಕೂಡಲೇ ಹೆಡ್ಮಾಸ್ಟರಿಗೆ ಹೇಳಿ ಹೋದೆ. ಅಂಗಳದ ತುಂಬ ಜನ. ಸಿಲಿಂಡರನ್ನು ಆಗಲೇ ಹೊರಗೆ ತಂದು ಗೋಡೆಗೆ ಆನಿಸಿದ್ದರು. ಹುಡುಗಿ ಅದರ ಪಕ್ಕ ಕೂತಿದ್ದಳು.

"ಮಿಸ್, ಇದ್ರಲ್ಲಿ ಇನ್ನೂ ಗ್ಯಾಸ್ ಐತಂತೆ. ಮತ್ಯಾಕೆ ಅಪ್ಪ ಸತ್ತ?"

ಪಕ್ಕದಲ್ಲಿ ಕೂತೆ. "ಅಪ್ಪನ ಎದೆಗೆ ಅದನ್ನ ತಗೊಳ್ಳೋ ಶಕ್ತಿ ಉಳಿದಿರ್ಲಿಲ್ಲಮ್ಮ," ಎಂದೆ. ಅದು ನಿಜವೇ. ಆದರೆ ಅವಳು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಅವಳು ಅಳಲಿಲ್ಲ, ಸುಮ್ಮನೆ ತಲೆಯಾಡಿಸಿದಳು.

ಕೆಲವು ವಾರ ಕಳೆದು ಅವ್ವ ಮಗಳನ್ನು ಕರೆದುಕೊಂಡು ಟಿಸಿ ಕೇಳಲು ಶಾಲೆಗೆ ಬಂದರು. ತವರಿಗೆ ಹೊರಟಿದ್ದರು, ಇನ್ನು ಮಗಳ ಓದೆಲ್ಲ ತೆಲುಗಿನಲ್ಲಿ. ಮನೆಯಲ್ಲಿ ಅವ್ವನ ಜೊತೆ ತೆಲುಗು ಆಡುವವಳಿಗೆ ಅದರ ಅಕ್ಷರ ಒಂದೂ ಗೊತ್ತಿರಲಿಲ್ಲ.

"ಅಲ್ಲಿ ಘನ, ದ್ರವಕ್ಕೆ ಏನಂತಾರೆ ಮಿಸ್?"

"ಘನ, ದ್ರವ ಅಂತಾನೇ ಅಂತಾರೆ. ಅನಿಲಕ್ಕೆ ಮಾತ್ರ ವಾಯುವು."

"ವಾಯುವು," ಎಂದಳು, ಬಾಯಿಪಾಠ ಮಾಡುವವಳಂತೆ. ರಸ್ತೆಯಿಂದ ಅವ್ವ ಕರೆದರು. ಬಸ್ಸು ಬಂದಿತ್ತು. ನಾನು ಜಗಲಿಯಲ್ಲೇ ನಿಂತೆ. ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಗಲಿಲ್ಲವೇನೋ, ಬಸ್ಸು ಹೊರಟಾಗ ಮುಖ ಕಾಣಲಿಲ್ಲ. ಒಳಗೆ ಮಕ್ಕಳು ಗದ್ದಲ ಎಬ್ಬಿಸಿದ್ದರು. ಹೋಗಿ ಹಾಜರಿ ಕರೆದೆ.