ಸೋತ ಗೌಡರ ಮನೆಗೆ

ರೈಲು ಎರಡು ತಾಸು ತಡವಾಗಿ ವಾಡಿ ಜಂಕ್ಷನ್ನಿಗೆ ಬಂತು. ಅಷ್ಟರಲ್ಲಿ ನಾನು ಮೂರು ಚಹಾ ಕುಡಿದು, ಒಂದು ಪ್ಲೇಟು ಮಿರ್ಚಿ ತಿಂದು, ಇನ್ನೊಂದು ಪ್ಲೇಟು ಬರುವವನಿಗೆಂದು ಕಟ್ಟಿಸಿ, ತಡೆಯಲಾರದೆ ಅದನ್ನೂ ಅರ್ಧ ಮುಗಿಸಿದ್ದೆ. ಬರುವವನು ಖಾಜಾ. ಶಹಾಬಾದ ಶಾಲೆಯಲ್ಲಿ ಏಳು ವರ್ಷ ನನ್ನ ಪಕ್ಕ ಕೂತವನು. ಮೂವತ್ತಮೂರು ವರ್ಷದ ಹಿಂದೆ ಚಿಕ್ಕಪ್ಪನ ಬೆನ್ನು ಹತ್ತಿ ಇದೇ ಪ್ಲಾಟ್‌ಫಾರ್ಮಿನಿಂದ ಹೊರಟು ಕರಾಚಿ ಸೇರಿದವನು ಈಗ ಮೊದಲ ಸಲ ಊರಿಗೆ ಬರುತ್ತಿದ್ದ. ಗುರುತು ಸಿಗದಿದ್ದರೆ ಹೇಗೆ ಎಂದು ನಾನು ಡಬ್ಬಿಯಿಂದ ಡಬ್ಬಿಗೆ ಇಣುಕುತ್ತಿದ್ದಾಗ ಹಿಂದಿನಿಂದ ಒಂದು ದನಿ ಕೇಳಿತು.

"ಲೇ ಶರಣ್ಯಾ, ತಲಿ ಮ್ಯಾಲಿನ ಕೂದಲಾ ಎಲ್ಲಿ ಹೋದವಲೇ?"

ಗಡ್ಡ ಬೆಳ್ಳಗಾಗಿತ್ತು, ಬೆನ್ನು ಬಾಗಿತ್ತು. ಕನ್ನಡ ಮಾತ್ರ ಇಪ್ಪತ್ತರ ಹುಡುಗನದೇ. ಅಲ್ಲಿ ಅದನ್ನು ಆಡುವವರು ಯಾರೂ ಇರದ ಕಾರಣ ಅದಕ್ಕೆ ವಯಸ್ಸಾಗಿರಲಿಲ್ಲ. ನಾನು ಅತ್ತುಬಿಟ್ಟೆ. ಅವನು ಉಳಿದ ಮಿರ್ಚಿ ತಿಂದ.

ನಾನು ಚಿತ್ತಾಪುರದಲ್ಲಿ ಹೈಸ್ಕೂಲು ಮಾಸ್ತರ. ಹತ್ತು ದಿನ ರಜೆ ಹಾಕಿ ಅವನ ಜೊತೆ ತಿರುಗಲು ಒಪ್ಪಿದ್ದೆ. ವೀಸಾದ ಕಾಗದದಲ್ಲಿ ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿ ಎಂದು ಬರೆದಿತ್ತು. ಎಲ್ಲಿ ಉಳಿದರೂ ಪೊಲೀಸ್ ಠಾಣೆಗೆ ಹೋಗಿ ಬಂದೆನೆಂದು ಒಂದು ಸಹಿ, ಹೊರಟೆನೆಂದು ಒಂದು ಸಹಿ. ಸೇಡಂನಲ್ಲಿದ್ದ ಅವನ ತಂಗಿ ಹಮೀದಾ, "ಭಾಯಿಜಾನ್‌ಗ ಒಬ್ಬರಿಗೇ ಬಿಡಬ್ಯಾಡ್ರಿ ಮಾಸ್ತರ" ಎಂದು ಮೂರು ಸಲ ಹೇಳಿ ಕಳಿಸಿದ್ದಳು.

ಆಗ ನಮ್ಮಲ್ಲಿ ವಿಧಾನಸಭೆ ಚುನಾವಣೆ ಮುಗಿದು ಮೂರು ವಾರವಾಗಿತ್ತು. ಎಂಬತ್ತಮೂರರ ಜನವರಿ. ರಾಜ್ಯ ಹುಟ್ಟಿದಾಗಿನಿಂದ ಆಳಿದವರು ಸೋತು ಹೊಸಬರು ಬಂದಿದ್ದರು. ಸ್ಟೇಷನ್ನಿನ ಚಹಾದಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಸುದ್ದಿ. ಖಾಜಾ ಬಸಿಯಲ್ಲಿ ಚಹಾ ಸುರಿದುಕೊಂಡು ಕೇಳುತ್ತಲೇ ಇದ್ದ. ಆಮೇಲೆ ದನಿ ಇಳಿಸಿ, "ಹಂಗಾದ್ರ ಸೋತವರು ಈಗ ಎಲ್ಲಿದ್ದಾರ?" ಎಂದ.

"ಎಲ್ಲಿರ್ತಾರ? ಅವರವರ ಮನ್ಯಾಗ."

"ಬಾಗಲಿಗಿ ಪಹರೆ?"

"ಪಹರೆ ಯಾಕೋ? ಸೋತವರಿಗಿ ಯಾರು ಕದ್ದುಕೊಂಡು ಹೋಗ್ತಾರ?" ಎಂದು ನಕ್ಕೆ. ಅಂಗಡಿಯವನೂ ನಕ್ಕ. ಖಾಜಾ ನಗಲಿಲ್ಲ.

ಅಲ್ಲಿಂದಲೇ ಶಹಾಬಾದಿಗೆ ಪ್ಯಾಸೆಂಜರ್ ಹಿಡಿದೆವು. ಒಂದೇ ಸ್ಟೇಷನ್ನಿನ ದಾರಿ, ರೂಪಾಯಿಯ ಟಿಕೀಟು. ಇಳಿದ ಕೂಡಲೇ ಕಲ್ಲಿನ ಧೂಳು ಮೂಗಿಗೆ ಬಂತು. ರಸ್ತೆಯ ಎರಡೂ ಕಡೆ ಫರಸಿ ಚಪ್ಪಡಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಖಾಜಾ ಒಂದೊಂದನ್ನೂ ಮುಟ್ಟುತ್ತ ನಡೆದ. ಅವರ ಹಳೆಯ ಮನೆಯಲ್ಲಿ ಈಗ ಕಲ್ಲುಗಣಿಯ ಮೇಸ್ತ್ರಿಯ ಸಂಸಾರವಿತ್ತು. ಆ ಮನೆಯ ಹೆಣ್ಣುಮಗಳು ವಿಷಯ ಕೇಳಿದವಳೇ, "ಒಳಗ ಬರ್ರಿ, ನಿಮ್ಮ ಮನಿ, ಕುಂದ್ರಿ" ಎಂದು ಚಾಪೆ ಹಾಸಿ ಬೆಲ್ಲದ ಚಹಾ ಕೊಟ್ಟಳು. ಅವನು ನೆಲದ ಫರಸಿಯಲ್ಲಿ ತಾನು ಹುಡುಗನಿದ್ದಾಗ ಮೊಳೆಯಿಂದ ಕೆತ್ತಿದ ಗೆರೆ ಹುಡುಕಿದ. ಸಿಕ್ಕಿತು. ಅದರ ಮೇಲೆ ಅವಳ ಬೀಸುವ ಕಲ್ಲು ಕೂತಿತ್ತು. ಎತ್ತಿ ತೋರಿಸಿದಳು.

ಶಾಲೆಯ ಮೆಟ್ಟಿಲ ಮೇಲೆ ಕೂತಾಗ ಅವನು ಬಂದ ಕಾರಣ ಬಾಯಿಬಿಟ್ಟ. ಅವನ ಮಗ ಅನ್ವರ್, ಇಪ್ಪತ್ತೆಂಟರ ವಕೀಲ. ಈ ವರ್ಷ ಕರಾಚಿಯಲ್ಲಿ ವಾರ್ಡಿನ ಚುನಾವಣೆ ಮಾಡಿಸುವುದಾಗಿ ಸೈನ್ಯದ ಸರ್ಕಾರ ಹೇಳಿತ್ತು. ಪಕ್ಷ ಇಲ್ಲ, ಬಾವುಟ ಇಲ್ಲ. ಮೊಹಲ್ಲಾದ ನಳ, ಗಟಾರ, ದೀಪ, ಅಷ್ಟೇ ವ್ಯವಹಾರ. ಹುಡುಗನಿಗೆ ನಿಲ್ಲುವ ಆಸೆ. ತಾಯಿ ಊಟ ಬಿಟ್ಟು ಬೇಡ ಎನ್ನುತ್ತಿದ್ದಳು. ಕೊನೆಗೆ ಅನ್ವರ್, "ಅಬ್ಬಾ ಊರಿಗೆ ಹೋಗಿ ಬರಲಿ. ಬಂದು ಹ್ಞೂಂ ಅಂದರೆ ನಿಲ್ಲುತ್ತೇನೆ, ಉಹ್ಞೂಂ ಅಂದರೆ ಇಲ್ಲ" ಎಂದಿದ್ದನಂತೆ.

"ನಳ, ಗಟಾರಕ್ಕ ಇಷ್ಟು ಅಂಜಿಕಿ ಯಾಕೋ?" ಎಂದೆ.

"ನೀ ತಿಳಿದಂಗಲ್ಲ ಶರಣಾ. ಜನರಲ್ ಸಾಹೇಬರು ಬಂದಾಗ ತೊಂಬತ್ತು ದಿನದಾಗ ದೊಡ್ಡ ಚುನಾವಣೆ ಅಂದ್ರು. ನಾ ಹುಚ್ಚ, ಕ್ಯಾಲೆಂಡರದಾಗ ಗುರುತು ಹಾಕೀನಿ. ಐದೂವರೆ ವರ್ಷ ಆತು. ಆ ಕ್ಯಾಲೆಂಡರ್ ಹರಿದು ಮೊಮ್ಮಕ್ಕಳ ಪುಸ್ತಕಕ್ಕ ಹೊದಿಕಿ ಹಾಕೀವಿ. ಓಟು ತಗೊಂಡು ದೇಶ ಆಳಿದವನಿಗೇ ನೇಣಿಗಿ ಹಾಕ್ಯಾರ. ಬಾಜೂ ಮನಿ ಹುಡುಗ ಒಂದು ಘೋಷಣಾ ಕೂಗ್ಯಾನಂತ ಮಂದಿ ಮುಂದ ಕಟ್ಟಿ ಛಡಿ ಹೊಡದಾರ. ಇವತ್ತು ವಾರ್ಡಿಗಿ ನಿಂತವನ ಹೆಸರು ಎಲ್ಲೋ ಒಂದು ಪುಸ್ತಕದಾಗ ಹತ್ತತದ. ನಾಳಿ ಆ ಪುಸ್ತಕ ಯಾರು ತೆಗೀತಾರೋ, ಯಾಂವ ಬಲ್ಲ?"

ಅವನೇ ಮುಂದುವರಿಸಿದ. "ಗೆದ್ದವರಿಗಿ ಎಲ್ಲಿ ಬೇಕಾದ್ರೂ ನೋಡಬಹುದು. ನನಗ ಒಬ್ಬ ಸೋತವನಿಗಿ ತೋರಿಸು. ಸೋತ ಮ್ಯಾಲೆ ಮನುಷ್ಯಾ ಹ್ಯಾಂಗ ಇರ್ತಾನ ಅಂತ ಕಣ್ಣಾರೆ ನೋಡಿ ಹೋಗಿ ಹುಡುಗಗ ಹೇಳ್ತೀನಿ."

ನನಗೆ ಉಬ್ಬು ಬಂತು. ನಮ್ಮ ಸಂವಿಧಾನ, ನಮ್ಮ ಮತಪೆಟ್ಟಿಗೆ ಎಂದು ಒಂಬತ್ತನೇ ತರಗತಿಗೆ ಹೇಳುವ ಪಾಠವನ್ನೇ ಅವನಿಗೂ ಒಪ್ಪಿಸಿದೆ. ಅವನು ಶಾಂತವಾಗಿ, "ನಿಮ್ಮಲ್ಲೂ ಒಮ್ಮೆ ಬಾಯಿ ಕಟ್ಟಿದ್ರಲ್ಲ, ಇಪ್ಪತ್ತೊಂದು ತಿಂಗಳು. ಆಗ ನೀ ಏನು ಮಾಡಿದಿ?" ಎಂದ. ಸುಳ್ಳು ಹೇಳಲು ಆಗಲಿಲ್ಲ. "ಪಾಠ ಮಾಡಿದೆ" ಎಂದೆ. ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ಸ್ಟಾಫ್ ರೂಮಿನಲ್ಲಿ ಹವೆಯ ಬಗ್ಗೆ ಬಿಟ್ಟು ಬೇರೇನೂ ಮಾತಾಡದ ನನ್ನ ನೆನಪಾಗಿ ನಾಚಿಕೆಯಾಯಿತು. ಅವನು ಹೆಗಲ ಮೇಲೆ ಕೈ ಹಾಕಿದ.

ಚಿತ್ತಾಪುರದ ಠಾಣೆಯಲ್ಲಿ ಬರೆದುಕೊಳ್ಳುವವರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಅಲ್ಲಿ ಜ್ವಾಳ ಬೆಳೀತಾರೇನ್ರಿ ಸಾಹೇಬ್ರ?" ಎಂದು ಕೇಳಿದರು. "ನಮ್ಮ ಕಡಿ ಬೆಳಿಯಂಗಿಲ್ರಿ" ಎಂದಾಗ ಅಯ್ಯೋ ಪಾಪ ಎನ್ನುವಂತೆ ನೋಡಿ ಸಹಿ ಹಾಕಿಸಿಕೊಂಡರು. ಆ ಸಂಜೆ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಮಾಡಿದ ಪುಂಡಿಪಲ್ಯಕ್ಕೆ ಅವನು ನಾಲ್ಕು ರೊಟ್ಟಿ ತಿಂದ. ಐದನೆಯದಕ್ಕೆ ನಾಚಿಕೊಂಡ. ಅವಳು ಕೇಳದೆ ಬಡಿಸಿದಳು.

ಮರುದಿನ ಸೇಡಂ. ಕಾಗಿಣಾ ಹೊಳೆ ಕಾಣುತ್ತಲೇ ಖಾಜಾ ಕಿಟಕಿಗೆ ಹಣೆ ಹಚ್ಚಿದ. ಹಮೀದಾ ಬಾಗಿಲಲ್ಲೇ ಅಣ್ಣನ ಕೊರಳಿಗೆ ಬಿದ್ದವಳು ಬಹಳ ಹೊತ್ತು ಬಿಡಲಿಲ್ಲ. ಎರಡು ದಿನ ಅಲ್ಲಿದ್ದೆವು. ಖೀಮಾ, ಬಿರಿಯಾನಿ, ನನಗೆ ಬೇರೆ ಒಲೆಯ ಮೇಲೆ ತೊಗರಿಬೇಳೆ. ಹೊರಡುವ ಬೆಳಿಗ್ಗೆ ಅವಳು ನನ್ನ ಮುಂದೆಯೇ ಅಣ್ಣನ ಕೈ ಹಿಡಿದು, "ಬ್ಯಾಡ ಅಂತ ಹೇಳ್ರಿ ಭಾಯಿಜಾನ್. ಅನ್ವರ್‌ಗ ನಾ ಒಮ್ಮೆನೂ ನೋಡಿಲ್ಲ. ನೋಡೋತನಕಾದ್ರೂ ಅಂವ ಇರಲಿ" ಎಂದಳು. ಅವನು ಅವಳ ತಲೆ ಸವರಿ ಚೀಲ ಹೆಗಲಿಗೆ ಹಾಕಿಕೊಂಡ.

ನನಗೆ ಪರಿಚಯದ ಸೋತವರು ಒಬ್ಬರಿದ್ದರು. ಅವರ ಹೆಸರೂ ಬೇಡ, ಊರಿನ ಹೆಸರೂ ಬೇಡ. ಸೇಡಂ–ಚಿಂಚೋಳಿ ರಸ್ತೆಗೆ ಹತ್ತಿದ ಒಂದು ಹಳ್ಳಿ, ಗೌಡರು ಅಂದರೆ ಸಾಕು. ಎರಡು ಸಲ ಗೆದ್ದು ಮೂರನೆಯ ಸಲ ಮಣ್ಣು ಮುಕ್ಕಿದ್ದರು. ತೊಂದರೆ ಏನೆಂದರೆ ಆ ಹಳ್ಳಿ ವೀಸಾದಲ್ಲಿರಲಿಲ್ಲ. ಚಿಂಚೋಳಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ನೀರು ಕುಡಿದು ಮುಂದಿನ ಬಸ್ಸು ಹತ್ತಿದರೆ ತಪ್ಪಿಲ್ಲ ಎಂದು ನಾನೇ ನ್ಯಾಯಾಧೀಶನಂತೆ ತೀರ್ಪು ಕೊಟ್ಟೆ. ಇಬ್ಬರಿಗೂ ಸೇರಿ ಐದು ರೂಪಾಯಿ ಚಿಲ್ಲರೆ ಟಿಕೀಟಾಯಿತು. ಬಸ್ಸಿನಲ್ಲಿ ಕನ್ನಡ, ದಖನಿ, ತೆಲುಗು ಮೂರೂ ಕೇಳುತ್ತಿದ್ದವು. ಹೊಲಗಳಲ್ಲಿ ಜೋಳ ತೆನೆ ಕಟ್ಟಿತ್ತು, ತೊಗರಿ ರಾಶಿ ನಡೆದಿತ್ತು.

ಗೌಡರ ವಾಡೆಯ ಮುಂದೆ ಬಂದಾಗ ಖಾಜಾ ಗಕ್ಕನೆ ನಿಂತ. ಕಟ್ಟೆಯ ಮೇಲೆ ಖಾಕಿ ತೊಟ್ಟ ಪೊಲೀಸನೊಬ್ಬ ಕಾಲು ಇಳಿಬಿಟ್ಟು ಕೂತಿದ್ದ.

"ನೀ ಸುಳ್ಳು ಹೇಳಿದಿ" ಎಂದು ಖಾಜಾ ಪಿಸುಗುಟ್ಟಿದ. "ನಜರಬಂದಿ. ಮನ್ಯಾಗೇ ಕೂಡಿ ಹಾಕ್ಯಾರ."

ನಾನೂ ಅಂಜಿದೆ, ಆದರೆ ಬೇರೆ ಕಾರಣಕ್ಕೆ. ವೀಸಾ ಇಲ್ಲದ ಹಳ್ಳಿಯಲ್ಲಿ ಇವನನ್ನು ಹಿಡಿಯಲು ಬಂದಿದ್ದಾರೆ, ನನ್ನ ನೌಕರಿ ಹೋಯಿತು ಎಂದುಕೊಂಡೆ. ತಿರುಗಿ ಓಡುವ ವಯಸ್ಸು ಇಬ್ಬರಿಗೂ ಇರಲಿಲ್ಲ. ಪೊಲೀಸ ನಮ್ಮನ್ನು ನೋಡಿ ಕೈಮುಗಿದ. "ಬರ್ರಿ ಮಾಸ್ತರ. ನಿಮ್ಮದೂ ಎಮ್ಮಿದೇ ಏನು?"

ಆಗ ಗೊತ್ತಾಯಿತು. ಗೌಡರಿಗೆ ದನದ ಔಷಧಿಯ ಕೈಗುಣ. ಎರಡು ಅವಧಿ ಬೆಂಗಳೂರಿನಲ್ಲೇ ಇದ್ದು ಜನರಿಗೆ ಸಿಕ್ಕಿರಲಿಲ್ಲ. ಸೋತು ಮನೆಗೆ ಬಂದರು ಎಂಬ ಸುದ್ದಿ ಹಬ್ಬಿದ್ದೇ ತಡ, ಸುತ್ತಲಿನ ಹಳ್ಳಿಯವರು ಒಬ್ಬೊಬ್ಬರಾಗಿ ಬರತೊಡಗಿದ್ದರು. ಈ ಪೊಲೀಸನ ಎಮ್ಮೆ ಎಂಟು ದಿನದಿಂದ ಹಾಲು ಬಿಟ್ಟಿರಲಿಲ್ಲ. ನನಗೆ ನಗು ತಡೆಯಲಿಲ್ಲ. ಖಾಜಾ ಮಾತ್ರ ಪೊಲೀಸನ ಪಕ್ಕ ಕೂತು ಅವನ ಮಜ್ಜಿಗೆ ಲೋಟವನ್ನೇ ನೋಡುತ್ತಿದ್ದ.

ಗೌಡರು ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಹುಡುಗಿಯೊಬ್ಬಳು ಸುಟ್ಟ ಸೀತನಿ, ನಂಜಿಕೊಳ್ಳಲು ಶೇಂಗಾ ಹಿಂಡಿ ತಂದಿಟ್ಟಳು. ಹಾಲು ತುಂಬಿದ ಎಳೆ ಜೋಳವನ್ನು ಖಾಜಾ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಆಮೇಲೆ ನೇರವಾಗಿ ಕೇಳಿದ: "ಗೌಡ್ರೆ, ಸೋತ ದಿನ ಏನಾಯ್ತು?"

"ಏನಾಗ್ತದ ಸಾಹೇಬ್ರೆ? ಸಿಟ್ಟು ಬಂತು. ಒಂದು ಚೊಂಬು ಒಗದೆ, ತಗ್ಗು ಬಿತ್ತು. ಮರುದಿನ ಗೆದ್ದಾಂವ ಬಂದು ಕಾಲಿಗಿ ಬಿದ್ದ. ಹಳ್ಳದ ಸೇತುವಿ ಕಾಗದ ಯಾವ ಆಫೀಸದಾಗ ಸಿಕ್ಕೊಂಡದ ಅಂತ ಹೇಳಿ ಕಳಿಸಿದೆ. ಹಾರ ಹಾಕಾಕ ಬಡಿದಾಡತಿದ್ದ ಮಂದಿ ಈಗ ನನಗ ಕಂಡ್ರ ರಸ್ತಾ ದಾಟಿ ಆ ಕಡಿ ಹೋಗ್ತಾರ. ಅದು ಮಾತ್ರ ಭಾಳ ಉರೀತದ."

"ಅಷ್ಟೇನಾ ಶಿಕ್ಷಾ?"

ಗೌಡರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಸ್ವಲ್ಪ ಯೋಚಿಸಿ, "ಇನ್ನೊಂದದ" ಎಂದು ದನಿ ಏರಿಸಿದರು, ಒಳಗೆ ಕೇಳಲಿ ಎಂದು. "ಈ ಮನ್ಯಾಗ ಹನ್ನೊಂದು ಓಟ ಅದಾವ. ಹನ್ನೊಂದೂ ನನಗ ಬಿದ್ದಿಲ್ಲಂತ ಅನುಮಾನ ಅದ. ಆ ಅನುಮಾನ ಅಡಗಿಮನಿ ಕಡೀನೇ ಅದ."

ಬಾಗಿಲ ಹಿಂದಿನಿಂದ ಗೌಡತಿಯ ದನಿ ಬಂತು. "ಹತ್ತು ವರ್ಷ ಬೆಂಗಳೂರು ಬೆಂಗಳೂರು ಅಂತ ಹೋದ್ರಿ. ಹೊಲ ಬೀಳು ಬಿತ್ತು. ಮೊಮ್ಮಗಳು ನಿಮಗ ನೋಡಿ ಯಾರೋ ಸಾಹೇಬ ಬಂದಾನಂತ ಒಳಗ ಓಡ್ತಿದ್ದಳು. ನನ್ನದು ಇದ್ದದ್ದು ಒಂದೇ ಓಟ. ನೀವೇನು ಒಂದರಿಂದ ಸೋತ್ರೇನು?"

ಪೊಲೀಸ ಮಜ್ಜಿಗೆ ಉಗುಳುವಷ್ಟು ನಕ್ಕ. ಗೌಡರೂ ನಕ್ಕರು. ಖಾಜಾ ಈ ಪ್ರಯಾಣದಲ್ಲಿ ಮೊದಲ ಸಲ ಬಾಯ್ತುಂಬ ನಕ್ಕ. ನಗುತ್ತ ನಗುತ್ತ ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡ. ಅಳುತ್ತಿದ್ದಾನೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. "ನಮ್ಮ ಕಡಿ ಸೋತವರ ಹೆಂಡಂದಿರು ಜೇಲಿನ ಬಾಗಲಾಗ ಡಬ್ಬಿ ಹಿಡಕೊಂಡು ನಿಂದಿರ್ತಾರ ತಾಯಿ" ಎಂದ. ಆಮೇಲೆ ಗೌಡತಿ ತಾವೇ ಹೊರಗೆ ಬಂದು ಅವನ ಮುಂದೆ ಇನ್ನಷ್ಟು ಸೀತನಿ ಸುರಿದರು. ಅವನು ಮಗನ ವಿಷಯ ಹೇಳಿದ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅವನವ್ವ ಏನಂತಾಳ್ರಿ?"

ಚಿಂಚೋಳಿಯಲ್ಲಿ ಒಂದು ಸಹಿ ಹಾಕಿ, ಅವನ ಸೋದರಮಾವನ ಮಗನ ಮನೆಯಲ್ಲಿ ಎರಡು ದಿನ ಇದ್ದು, ಬಂದ ದಾರಿಯಲ್ಲೇ ವಾಪಸಾದೆವು. ದಾರಿಯುದ್ದಕ್ಕೂ ಮಗನ ವಿಷಯ ನಾನು ಕೆದಕಲಿಲ್ಲ.

ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಮತ್ತೆ ಮಿರ್ಚಿ ಕಟ್ಟಿಸಿದೆ. ಅವನ ಚೀಲದಲ್ಲಿ ಹಮೀದಾಳ ಉಪ್ಪಿನಕಾಯಿ, ನನ್ನ ಹೆಂಡತಿಯ ಕಟಕ ರೊಟ್ಟಿ, ಅಂಗೈ ಅಗಲದ ಒಂದು ಶಹಾಬಾದ ಕಲ್ಲು ಇದ್ದವು. ರೈಲು ಸೀಟಿ ಹಾಕಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಹುಡುಗಗ ಏನು ಹೇಳ್ತಿ?"

"ನಿಲ್ಲು ಅಂತೀನಿ" ಎಂದ ಖಾಜಾ, ಬಾಗಿಲ ಸರಳು ಹಿಡಿದು. "ಅಂಜಿಕೊಂತ ನಾ ಮುದುಕ ಆದೆ. ಅಂವ ಆಗೂದು ಬ್ಯಾಡ. ನಿಲ್ಲು ಅಂತೀನಿ. ಆಮ್ಯಾಲೆ ಮಸೀದಿಗಿ ಹೋಗಿ, ಯಾ ಅಲ್ಲಾ, ಇವನಿಗಿ ಸೋಲಿಸಿ ಮನಿಗಿ ಕಳಸು ಅಂತ ದುವಾ ಮಾಡ್ತೀನಿ."

ಡಬ್ಬಿಗಳು ಹೋದ ಮೇಲೂ ನಾನು ಹಳಿಯನ್ನೇ ನೋಡುತ್ತ ನಿಂತಿದ್ದೆ. ಇನ್ನೊಮ್ಮೆ ಅವನನ್ನು ನೋಡುತ್ತೇನೆ ಎಂಬ ಭರವಸೆ ನನಗಿರಲಿಲ್ಲ. ಅಷ್ಟು ಸಂಕಟ ನನಗೆ ಮೂವತ್ತಮೂರು ವರ್ಷದ ಹಿಂದೆ ಕೂಡ ಆಗಿರಲಿಲ್ಲ. ಆಗ ಚಿಕ್ಕವನಿದ್ದೆ, ಎಲ್ಲ ತಿರುಗಿ ಬರುತ್ತದೆ ಎಂದುಕೊಂಡಿದ್ದೆ.

ಆ ವರ್ಷದ ಕೊನೆಗೆ ಸೇಡಂಗೆ ತಂಗಿಯ ಹೆಸರಿಗೆ ಅವನ ಕಾಗದ ಬಂತು. ಹಮೀದಾ ನನ್ನನ್ನು ಕರೆಸಿ ಓದಿ ಹೇಳಿದಳು. ನಾಲ್ಕೇ ಸಾಲು. ಎಲ್ಲರಿಗೂ ಸಲಾಮು, ಕಲ್ಲನ್ನು ಕಿಟಕಿಯಲ್ಲಿ ಇಟ್ಟಿದ್ದೇನೆ, ನನ್ನ ದುವಾ ಕಬೂಲ್ ಆಗಲಿಲ್ಲ, ಹುಡುಗ ಗೆದ್ದುಬಿಟ್ಟ. ಓದಿ ಮುಗಿಸಿ ಹಮೀದಾ ಸಕ್ಕರೆ ತಂದು ನನ್ನ ಕೈಗೆ ಹಾಕಿದಳು. ತಾನು ಬಾಯಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ಭಾನುವಾರ ಚಿಂಚೋಳಿ ಬಸ್ಸು ಹತ್ತಿ ಗೌಡರ ಮನೆಗೆ ಹೋದೆ. ಅವರು ಹೊಲದಲ್ಲಿದ್ದರು. ಗೌಡತಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಸುದ್ದಿ ಹೇಳಿದೆ. ಮೊರ ಕೈಯಲ್ಲೇ ನಿಂತಿತು.

"ಪಾಪ" ಎಂದರು. "ಅವನವ್ವಂದೂ ಒಂದೇ ಓಟ ಅಲ್ಲೇನ್ರಿ ಮಾಸ್ತರ."