ಪೆಟ್ಟಿಗೆಯ ತೂಕ

ಇಪ್ಪತ್ತು ಕಿಲೋ. ವಿಮಾನದ ಟಿಕೇಟಿನ ಜೊತೆ ಬಂದ ಹಾಳೆಯಲ್ಲಿ ಅದನ್ನು ಓದಿ ನಾನು ದಂಗಾದೆ. ಮೂರು ವರ್ಷ ಇರಲು ಹೊರಟವಳು ಇಪ್ಪತ್ತು ಕಿಲೋದಲ್ಲಿ ಏನು ಒಯ್ಯಬೇಕು? ಹಾನಗಲ್ಲಿನ ನಮ್ಮ ಮನೆಯಲ್ಲಿ ಒಂದು ವಾರಕ್ಕೆ ಬೀಸಿಸುವ ಜೋಳವೇ ಅಷ್ಟಿರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತಿದು. ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನನಗೆ ಆಫ್ರಿಕಾದ ಜಾಂಬಿಯಾದಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಅಪ್ಪ ಒಂದೇ ಮಾತಿಗೆ ಒಪ್ಪಿದ. ಅವ್ವ ಒಪ್ಪಿದ್ದು ಅತ್ತುಕೊಂಡೇ. ಅವಳ ಹೆದರಿಕೆ ಆಫ್ರಿಕಾದ್ದಲ್ಲ, ವಿಮಾನದ್ದು. “ಅಷ್ಟು ಮ್ಯಾಲಿಂದ ಬಿದ್ರ ಏನ್ ಉಳಿತೈತಿ?” ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ವಿಜ್ಞಾನ ಓದಿದ ಜಂಬದಲ್ಲಿ ನಾನು ನಕ್ಕುಬಿಡುತ್ತಿದ್ದೆ.

ತೂಕದ ಉಸಾಬರಿಯನ್ನೆಲ್ಲ ಅಪ್ಪ ವಹಿಸಿಕೊಂಡ. ಅವನದು ಮೆಣಸಿನಕಾಯಿ, ಹತ್ತಿಯ ದಲಾಲಿ ಅಂಗಡಿ. ಹೊಸ ಕಬ್ಬಿಣದ ಪೆಟ್ಟಿಗೆ ತಂದು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನನ್ನ ಹೆಸರು ಬರೆಸಿ, ಅಂಗಡಿಯ ದೊಡ್ಡ ತಕ್ಕಡಿಗೆ ಏರಿಸಿದ. ಅವ್ವ ಶೇಂಗಾ ಚಟ್ನಿ ತಂದಿಡುವಳು, ಜೋಳದ ಹಿಟ್ಟು ತಂದಿಡುವಳು, ಸವಣೂರಿನ ಖಾರದ ಪೊಟ್ಟಣ ತುರುಕುವಳು. ಓಣಿಯ ಹೆಂಗಸರು ಉಡಿ ತುಂಬಿದ ಅಕ್ಕಿಯನ್ನಂತೂ ಬಿಟ್ಟು ಹೋಗುವ ಹಾಗೇ ಇಲ್ಲ. ನಾನು ಸಿಡಿಮಿಡಿಗೊಳ್ಳುತ್ತ ಒಂದೊಂದೇ ಪುಸ್ತಕ ಹೊರಗೆ ತೆಗೆದೆ. ಕಡೆಗೆ ಅಪ್ಪ ಕೈ ಝಾಡಿಸಿಕೊಂಡು, “ಇಪ್ಪತ್ತಕ್ಕ ಇಪ್ಪತ್ತು. ಒಂದ್ ಗುಂಜಿ ಹೆಚ್ಚಿಲ್ಲ, ಒಂದ್ ಗುಂಜಿ ಕಮ್ಮಿ ಇಲ್ಲ” ಎಂದ. ಅವನ ತೂಕವನ್ನು ಹಾನಗಲ್ ಪೇಟೆಯಲ್ಲಿ ಯಾರೂ ಮರುತೂಕ ಮಾಡುತ್ತಿರಲಿಲ್ಲ.

ಹಾವೇರಿಯಲ್ಲಿ ರೈಲು ಹತ್ತಿ ನಾನು, ಅಪ್ಪ ಇಬ್ಬರೇ ಮುಂಬಯಿಗೆ ಹೋದೆವು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಇಟ್ಟ ಕೂಡಲೇ ತೂಕದ ಮುಳ್ಳು ಹೋಗಿ ಇಪ್ಪತ್ತೇಳರಲ್ಲಿ ನಿಂತಿತು. ಅಪ್ಪ ಮುಳ್ಳನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಕೇಳಿದ: “ಇವ್ರು ಪೆಟ್ಟಿಗೀ ತೂಕಾನೂ ಹಿಡಿತಾರೇನು?”

ಆಗ ನನಗೆ ಹೊಳೆಯಿತು. ದಲಾಲಿ ಅಂಗಡಿಯಲ್ಲಿ ಮಾಲು ತೂಗಿದ ಮೇಲೆ ಖಾಲಿ ಚೀಲದ ತೂಕ ಕಳೆಯುವುದು ಪದ್ಧತಿ. ಕಳೆಯದಿದ್ದರೆ ಮೋಸ. ನಲವತ್ತು ವರ್ಷ ಹಾಗೆ ಕಳೆಯುತ್ತ ಬಂದವನು ಮಗಳ ಪೆಟ್ಟಿಗೆಯ ಏಳು ಕಿಲೋವನ್ನೂ ಯಾರಿಗೂ ಹೇಳದೆ ಕಳೆದುಬಿಟ್ಟಿದ್ದ.

ಹೆಚ್ಚಿನ ತೂಕಕ್ಕೆ ಕಟ್ಟಬೇಕಾದ ಹಣ ನಮ್ಮಿಬ್ಬರ ಹತ್ತಿರ ಇರಲಿಲ್ಲ. ಬೇಗ ತೀರ್ಮಾನಿಸದಿದ್ದರೆ ವಿಮಾನ ತಪ್ಪುತ್ತದೆ ಎಂದು ಅಲ್ಲಿಯ ನೌಕರ ಹಿಂದಿಯಲ್ಲಿ ಎಚ್ಚರಿಸಿದ. ವಿಮಾನ ತಪ್ಪಿದರೆ ಕೆಲಸವೂ ಹೋದಂತೆಯೇ. ಅಪ್ಪ ಧೋತರ ಎತ್ತಿ ಕಟ್ಟಿ, ಹೊಳೆಯುವ ಆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ರೈಲಿನಲ್ಲಿ ಹೊದ್ದುಕೊಂಡಿದ್ದ ಚಾದರ ಹಾಸಿ, ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಅದರೊಳಗೆ ಸುರುವಿದ. ಸೂಟು ಬೂಟಿನ ಜನ ನೋಡುತ್ತಿದ್ದಂತೆ ನನ್ನ ಒಳಲಂಗಗಳು, ಹಿಟ್ಟಿನ ಚೀಲ, ಉಡಿಯಕ್ಕಿ ಎಲ್ಲ ಹೊರಬಂದವು. ಸಂತೆಗೆ ಹೊರಟವನ ಹಾಗೆ ಗಂಟು ಬಿಗಿದು ತೂಕಕ್ಕಿಟ್ಟ. ಇಪ್ಪತ್ತೂವರೆ. ನೌಕರ ನಕ್ಕು ಚೀಟಿ ಕಟ್ಟಿದ.

“ನೋಡಿದ್ಯಾ? ಚಾದರ ಬಿಟ್ರ ಇಪ್ಪತ್ತಕ್ಕ ಇಪ್ಪತ್ತು!” ಎಂದ ಅಪ್ಪ. ಅವನ ಮುಖದಲ್ಲಿ ಗೆದ್ದ ಕಳೆ ಇತ್ತು.

“ಇಷ್ಟು ಮಂದ್ಯಾಗ ನನ್ನ ಮಾನಾ ಕಳದಿ” ಎಂದೆ. ಕಾಲಿಗೂ ಬೀಳಲಿಲ್ಲ, ತಿರುಗಿಯೂ ನೋಡಲಿಲ್ಲ.

ಜಾಂಬಿಯಾ ಮುಟ್ಟಿದರೂ ಸಿಟ್ಟು ಇಳಿಯಲಿಲ್ಲ. ಕರೆದೊಯ್ಯಲು ಬಂದ ಹೆಡ್ಮಾಸ್ತರರು ಗಂಟನ್ನು ನೋಡಿ, ಉಳಿದ ಸಾಮಾನು ಎಲ್ಲಿ ಎಂದು ಕೇಳಿದ್ದರು. ಅಪ್ಪನಿಗೆ ಬುದ್ಧಿ ಬರಲಿ ಎಂದು ಹತ್ತು ದಿನ ಊರಿಗೆ ಕಾಗದ ಬರೆಯಲಿಲ್ಲ. ಹನ್ನೊಂದನೆಯ ದಿನ ನಾಲ್ಕು ಸಾಲು ಗೀಚಿ ಹಾಕಿದೆ.

ತಿಂಗಳ ಮೇಲೆ ಅಕ್ಕನ ಉತ್ತರ ಬಂತು.

“ಅಪ್ಪ ನಿನ್ನ ಪೆಟ್ಟಿಗಿ ಹೆಗಲ ಮ್ಯಾಲೆ ಹೊತ್ಕೊಂಡು ಓಣ್ಯಾಗ ಬಂದ. ಅದರ ಮ್ಯಾಲಿನ ನಿನ್ನ ಹೆಸರು ನೋಡಿ ಅವ್ವ ಕಟ್ಟೀ ಮ್ಯಾಲೇ ಬಿದ್ದಳು. ತೂಕ ಹೆಚ್ಚಾತು, ಅದಕ್ಕ ತಂದೇನಿ ಅಂತ ಅಪ್ಪ ಎಷ್ಟು ಹೇಳಿದ್ರೂ ಯಾರೂ ನಂಬಲಿಲ್ಲ. ಸಾಮಾನ ಒಯ್ದು ಬರೀ ಪೆಟ್ಟಿಗಿ ಬಿಟ್ಟು ಯಾರರ ಹೋಗ್ತಾರೇನು, ವಿಮಾನ ಬಿದ್ದೈತಿ, ನೀ ಮುಚ್ಚಿಡಾಕತ್ತಿ ಅಂತ ಅವ್ವ ಅಪ್ಪನ ಮುಂದ ಎದಿ ಎದಿ ಬಡ್ಕೊಂಡಳು. ಅವತ್ತಿನಿಂದ ಮಜ್ಜಿಗಿ ಬಿಟ್ರ ಬಾಯಾಗ ಏನೂ ಹಾಕಲಿಲ್ಲ. ಅಪ್ಪ ಅಂಗಡಿ ಬಿಟ್ಟು ದಿನಾ ಪೋಸ್ಟ್ ಆಫೀಸಿನ ಮುಂದ ಕುಂದ್ರತಿದ್ದ. ಕಡೀಕಡೀಕ ಅವಗೂ ಅನುಮಾನ ಬಂತು. ಆಕಿ ಹತ್ತಿದ್ದು ನೋಡೇನಿ, ಇಳಿದದ್ದು ನಾ ಏನು ನೋಡೇನೇನು ಅಂತ ಅತ್ತ. ನಿನ್ನೆ ನಿನ್ನ ಕಾಗದ ಬಂತು. ಅವ್ವ ಅರ್ಧ ರೊಟ್ಟಿ ತಿಂದಳು.”

ಅಂಚೆಯ ಮುದ್ರೆ ನೋಡಿ ಲೆಕ್ಕ ಹಾಕಿದೆ. ನನ್ನ ಕಾಗದ ಹನ್ನೆರಡು ದಿನಕ್ಕೆ ಹಾನಗಲ್ಲು ಮುಟ್ಟಿತ್ತು. ಅಷ್ಟು ತಡ ಅಂಚೆಯವರದು. ಉಳಿದ ಹತ್ತು ದಿನ ಅವ್ವನನ್ನು ಉಪವಾಸ ಕೆಡವಿದವಳು ನಾನು.